ಬೆಳಕಿಂಡಿಯಿಂದ ಬಿದ್ದ ಹಲ್ಲು

ಮಸ್ಕಿಯ ನಮ್ಮ ಮನೆಯ ಅಡುಗೆಕೋಣೆಗೆ ಕಿಟಕಿ ಇರಲಿಲ್ಲ. ಇದ್ದದ್ದು ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಒಂದು ಬೆಳಕಿಂಡಿ, ಹುಡುಗರ ತಲೆ ತೂರುವಷ್ಟು ಅಗಲದ್ದು. ಹೊಗೆ ಅಲ್ಲಿಂದಲೇ ಹೊರಗೆ ಹೋಗಬೇಕು, ಬೆಳಕು ಅಲ್ಲಿಂದಲೇ ಒಳಗೆ ಬರಬೇಕು. ಎರಡೂ ಆ ಕಿಂಡಿಯಲ್ಲಿ ಎದುರುಬದುರಾಗಿ ನಿಂತು ದಾರಿ ಬಿಡು ಎಂದು ಜಗಳಾಡುತ್ತಿದ್ದಂತೆ ನನಗೆ ಕಾಣುತ್ತಿತ್ತು. ಬೆಳಿಗ್ಗೆ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದು ಮೊದಲು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂರುತ್ತಿತ್ತು, ಆಮೇಲೆ ರೊಟ್ಟಿ ಬಡಿಯುವ ಅವ್ವನ ಬೆನ್ನ ಮೇಲೆ, ಊಟದ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಬೇಳೆ ಕುದಿಯುವ ಬ್ಯಾಳಿ ಗಡಿಗೆಯ ಮೇಲೆ. ಮಳೆ ಬಂದರೆ ಮುಚ್ಚಲೆಂದು ಹಳೆಯ ಮಡಿಕೆಯೊಂದನ್ನು ಮಾಳಿಗೆಯ ಮೇಲೆ ಇಟ್ಟಿದ್ದರು. ನಮ್ಮ ಕಡೆ ಮಳೆ ಬೀಗರಂತೆ ಯಾವಾಗಲೋ ಒಮ್ಮೆ ಬರುವುದರಿಂದ ಆ ಮಡಿಕೆ ವರ್ಷದ ಬಹುಪಾಲು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನನ್ನ ಹಲ್ಲು ಬಿದ್ದ ದಿನ ಅದು ಕಿಂಡಿಯ ಮೇಲಿದ್ದಿದ್ದರೆ ನೀನು ಇಷ್ಟು ಚಿಂತೆ ಮಾಡುವ ಹೆಂಗಸಾಗುತ್ತಿರಲಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಮಡಿಕೆ ಕಿಂಡಿಯ ಮೇಲಿದ್ದಿದ್ದರೆ ಅದು ಯಾವಾಗ ಒಡೆದು ಕೆಳಗೆ ಬೀಳುತ್ತದೋ ಎಂದು ನಾನು ಚಿಂತಿಸುತ್ತಿದ್ದೆ.

ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಆದರೆ ಮನೆಯಲ್ಲಿ ಕಚ್ಚುವ ಅಧಿಕಾರ ಆಕೆಯದೇ ಆಗಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಅಡುಗೆಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೂತಳೆಂದರೆ ಆಕೆಯನ್ನು ದಾಟದೆ ನೀರಿನ ತಂಬಿಗೆಯೂ ಹೊರಗೆ ಬರುವಂತಿರಲಿಲ್ಲ. ಆಕೆಗಾಗಿ ಅವ್ವ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಎಣ್ಣೆ ಹಾಕಿ ಕಲಬತ್ತಿನಲ್ಲಿ ಕುಟ್ಟಿ ಮುಟಗಿ ಮಾಡಿ ಕೊಡುತ್ತಿದ್ದಳು. ಅಜ್ಜಿ ಅದನ್ನು ಒಸಡಿನಲ್ಲೇ ಅರೆದು, ಹಲ್ಲಿದ್ದವರಿಗಿಂತ ಮೊದಲು ಉಂಡು ಏಳುತ್ತಿದ್ದಳು. ಅಪ್ಪನದು ಬಜಾರಿನಲ್ಲಿ ಬೀಜ–ಗೊಬ್ಬರದ ಅಂಗಡಿ. ಮಾತು ಕಮ್ಮಿ, ಮೀಸೆ ಹೆಚ್ಚು. ಮೂಗಿನ ಕೆಳಗೆ ಆರಂಭವಾದ ಆ ಮೀಸೆ ಕೆಳದುಟಿಯನ್ನು ಮುಟ್ಟಿಯೇ ನಿಲ್ಲುತ್ತಿತ್ತು. ನಗು ಬಂದರೆ ಹೆಗಲ ಮೇಲಿನ ಟವೆಲು ತೆಗೆದು ಬಾಯಿ ಒರೆಸಿಕೊಳ್ಳುತ್ತಿದ್ದ. ಅದನ್ನು ನಾವೆಲ್ಲ ಗಾಂಭೀರ್ಯ ಎಂದು ತಿಳಿದಿದ್ದೆವು. ಇನ್ನೊಂದು ವಿಚಿತ್ರವೆಂದರೆ, ಅಪ್ಪ ಎಡಗೈಯಿಂದ ಏನನ್ನೂ ಮಾಡುತ್ತಿರಲಿಲ್ಲ. ಬಲಗೈಯಲ್ಲಿ ಚೀಲವಿದ್ದರೆ ಅದನ್ನು ಕೆಳಗಿಟ್ಟು, ಬಲಗೈಯಿಂದಲೇ ಬಾಗಿಲು ತೆಗೆದು, ಮತ್ತೆ ಚೀಲ ಎತ್ತಿಕೊಳ್ಳುತ್ತಿದ್ದ.

ಅವ್ವ ಗೊರೇಬಾಳದವಳು. ಕಾಲುವೆ ನೀರಿನ ಊರು, ಭತ್ತದ ಗದ್ದೆಯ ಊರು. ನಮ್ಮದು ಜೋಳದ ಊರು. ಈ ಎರಡರ ನಡುವೆ ಬಸ್ಸಿನಲ್ಲಿ ಕೂತರೆ ನಿದ್ದೆ ಹತ್ತುವಷ್ಟರಲ್ಲಿ ಇಳಿಯಬೇಕಾದ ದೂರ. ಆದರೆ ಅಜ್ಜಿಯ ಮಾತಿನಲ್ಲಿ ಅವು ಎರಡು ದೇಶಗಳಾಗಿದ್ದವು. ಅನ್ನ ಉಣ್ಣುವವರ ಎಲುಬಿನಲ್ಲಿ ಬಲವಿಲ್ಲ ಎಂಬುದು ಈ ದೇಶದ ಕಾನೂನು. ಬೋರಿನ ನೀರು ಕುಡಿದು ನಿಮ್ಮ ಊರವರ ಹಲ್ಲೆಲ್ಲ ಕಂದಾಗಿವೆ ಎಂಬುದು ಆ ದೇಶದ ಉತ್ತರ. ಅವ್ವನಿಗೆ ತಂದೆ–ತಾಯಿ ಇರಲಿಲ್ಲ. ತವರು ಎಂದರೆ ಒಬ್ಬನೇ ತಮ್ಮ, ನನ್ನ ಮಾಮ. ಎತ್ತರದ ಆಳು, ದೊಡ್ಡ ದನಿ, ಕಾಲುವೆ ನೀರಿನಲ್ಲಿ ತೊಳೆದಂತಹ ಬಿಳಿ ಹಲ್ಲು. ಅವನು ಬಂದನೆಂದರೆ ಅವ್ವ ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ನಗುತ್ತಿದ್ದಳು. ಪ್ರತಿ ನಾಗರಪಂಚಮಿಗೆ ಅವನು ಬಂದು ತನ್ನ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಯಾರಾದರೂ ಕರೆಯಲು ಬರದೆ ಹೆಣ್ಣುಮಕ್ಕಳು ತವರಿಗೆ ಹೋಗುವುದಿಲ್ಲ, ಕರೆದರೆ ನಿಲ್ಲುವುದಿಲ್ಲ. ಅವ್ವನ ವರ್ಷದಲ್ಲಿ ಪಂಚಮಿ ಒಂದೇ ಕಿಂಡಿ.

ನನ್ನ ಹಲ್ಲು ಬಿದ್ದದ್ದು ಮಾಮ ಬಂದಿದ್ದ ಒಂದು ದಿನ. ಮೇಲಿನ ಸಾಲಿನ ಎರಡು ದೊಡ್ಡ ಹಲ್ಲುಗಳ ಪಕ್ಕದ್ದು, ಎಡಗಡೆಯದು. ಬಿದ್ದ ಹಲ್ಲನ್ನು ಸೆಗಣಿಯ ಸಣ್ಣ ಉಂಡೆಯಲ್ಲಿ ಹುದುಗಿಸಿ, “ಹಳೇ ಹಲ್ಲು ತಗೋ, ಹೊಸಾ ಹಲ್ಲು ಕೊಡು” ಎಂದು ಮಾಳಿಗೆಯ ಮೇಲೆ ಒಗೆಯಬೇಕು. ಯಾರಿಗೆ ಹಾಗೆ ಹೇಳುತ್ತೇವೆ ಎಂಬುದು ಮನೆಮನೆಗೆ ಬೇರೆ: ಕೆಲವರಿಗೆ ಇಲಿ, ಕೆಲವರಿಗೆ ಸೂರ್ಯ. ನಮ್ಮಲ್ಲಿ ಯಾರೂ ವಿಚಾರಿಸಿರಲಿಲ್ಲ, ಮಾಳಿಗೆಯೇ ಕೇಳಿಸಿಕೊಳ್ಳುತ್ತದೆ ಎಂಬ ಭರವಸೆ. ನಾನು ಅಂಗಳದಲ್ಲಿ ನಿಂತು ಒಗೆದೆ. ಉಂಡೆ ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡಿತು. ಕಿತ್ತು ಮತ್ತೆ ಒಗೆದೆ, ಮತ್ತೆ ಗೋಡೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಮಾಮ ನಗಾಡಿದ.

“ಏನಬೇ ಶರಣಿ, ರೊಟ್ಟಿ ತಿಂದ ಕೈ ಅಂತಾರ, ಗ್ವಾಡಿನೂ ದಾಟವಲ್ದಲ್ಲ! ತಾ ಇಲ್ಲಿ. ಕವಣಿ ಬೀಸಿ ಗದ್ದಿಯಾಗಿನ ಗುಬ್ಬಿ ಓಡ್ಸೋ ಕೈ ಇದು.”

“ನಾನ ಒಗೀಬೇಕಂತ, ಮಾಮಾ.”

“ನಿನ್ನ ಹಲ್ಲು, ನಿನ್ನ ಮಾತು. ಕೈ ಅಷ್ಟ ನಂದು. ಅನ್ನು, ಹಳೇ ಹಲ್ಲು ತಗೋ...”

ನಾನು ಅಂದೆ. ಮಾಮ ಬೀಸಿ ಒಗೆದ. ಉಂಡೆ ಮೇಲಕ್ಕೆ ಹೋಯಿತು, ಬಹಳ ಮೇಲಕ್ಕೆ. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಮಾಳಿಗೆಯ ಮೇಲೆ ಅದು ಬಿದ್ದ ಸದ್ದು ಕೇಳಲಿಲ್ಲ. ಒಳಗಿನಿಂದ ‘ಬುಳುಕ್’ ಎಂಬ ಸದ್ದು ಕೇಳಿತು. ಹಿಂದೆಯೇ ಅಜ್ಜಿಯ ದನಿ.

“ಯಾರಲೇ ಅದು! ಬ್ಯಾಳ್ಯಾಗ ಏನ್ ಬಿತ್ತಲೇ!”

ಊಟದ ಹೊತ್ತು, ಬಿಸಿಲಿನ ಕೋಲು ಗಡಿಗೆಯ ಮೇಲೆ ಕೂತಿದ್ದ ಹೊತ್ತು. ಅದೇ ದಾರಿಯಲ್ಲಿ ನನ್ನ ಹಲ್ಲು ಇಳಿದಿತ್ತು. ಅವ್ವ ಸೌಟು ಹಾಕಿ ತಿರುವಿದಳು; ಸೆಗಣಿ ಆಗಲೇ ಬ್ಯಾಳಿಯಲ್ಲಿ ಬೆರೆತು ಹೋಗಿತ್ತು, ಹಲ್ಲು ತಳಕ್ಕೆ ಹೋಗಿತ್ತು. ಮಡಿಯ ಅಡುಗೆ, ಉಣ್ಣಲು ಕಾದ ಜನ, ಬೀಗರ ಎದುರು ಮಾನ, ಎಲ್ಲವೂ ಆ ಗಡಿಗೆಯಲ್ಲಿ ಕುದಿಯುತ್ತಿದ್ದವು. ಅಜ್ಜಿಗೆ ಬ್ಯಾಳಿ ಹೋದದ್ದಕ್ಕಿಂತ ದೊಡ್ಡ ದಿಗಿಲು ಬೇರೆ ಇತ್ತು.

“ಮಾಳಿಗಿಗಿ ಹೋಗೋ ಹಲ್ಲು ಒಲಿಗಿ ಬಂತಲ್ಲೋ ಯಪ್ಪಾ! ಇನ್ನ ಈ ಕೂಸಿಗಿ ಹೊಸಾ ಹಲ್ಲು ಎಲ್ಲಿಂದ ಬರ್ಬೇಕು?”

“ಬರ್ತೈತಿ ಬಿಡ್ರಿ ಅತ್ತಿ. ಹಲ್ಲಿಗೇನು ಕಣ್ಣದಾವೇನು, ತಾ ಎಲ್ಲಿ ಬಿದ್ದೀನಿ ಅಂತ ನೋಡಾಕ?” ಎಂದ ಮಾಮ, ಹೊಸ್ತಿಲಿಗೆ ಬಂದು ನಿಂತು.

“ಗುರಿ ಇಲ್ಲದಾವ್ರು ಗಪ್ಪ ಕುಂದ್ರಬೇಕು. ಅನ್ನ ಉಣ್ಣೋ ಮಂದಿ, ತೋಳಾಗ ಬಲ ಎಲ್ಲಿದು?”

“ಬಲ ಹೆಚ್ಚಾಗೇ ಅಲ್ಲಿತನ ಹೋತ್ರಿ. ಬೆಳಕಿಂಡಿ ಮುಚ್ಚಿದ್ರ ಇದ್ಯಾಕ ಆಕ್ಕಿತ್ತು?”

ಅದನ್ನು ಅವನು ಹೇಳಬಾರದಿತ್ತು. ಆ ಬೆಳಕಿಂಡಿಯನ್ನು ಅಜ್ಜಿಯ ಗಂಡ ತನ್ನ ಕೈಯಾರೆ ಬಿಟ್ಟಿದ್ದನಂತೆ. ಅಜ್ಜಿ ಎದ್ದು ನಿಂತಳು.

“ನಮ್ಮ ಮನಿಗಿ ಬಂದು ನಮ್ಮ ಬೆಳಕಿಂಡಿಗಿ ಹೆಸರಿಡ್ತೀಯೇನು? ಆ ಹಲ್ಲು ಬರೋತನ ಈ ಹೊಸ್ತಿಲ ತುಳಿಬ್ಯಾಡ, ಹೋಗು!”

“ಆತ್ರಿ. ಆ ಹಲ್ಲು ಬಂದ ದಿನಾನ ಬರ್ತೀನಿ. ಅಲ್ಲಿತನ ಈ ಓಣಿಗೂ ಬರಾಂಗಿಲ್ಲ.”

ಮಾಮ ಉಣ್ಣದೆ ಹೋದ. ಉಣ್ಣಲು ಬ್ಯಾಳಿಯೂ ಇರಲಿಲ್ಲ. ಅಪ್ಪ ಅಂಗಡಿಯಿಂದ ಬಂದು ಎಲ್ಲ ಕೇಳಿ, ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡು, “ಒಗಿಯೋದರಾಗ ತಪ್ಪಾದ್ರ ಹಲ್ಲು ಬರಾಂಗಿಲ್ಲ, ಅದು ಖರೇ” ಎಂದಷ್ಟೇ ಹೇಳಿದ. ಅವ್ವ ಗಡಿಗೆಯನ್ನು ಹಿತ್ತಲಿಗೆ ಒಯ್ದು, ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

ಅಂದಿನಿಂದ ನನ್ನ ನಾಲಿಗೆಗೆ ಒಂದೇ ಕೆಲಸ. ಬೆಳಿಗ್ಗೆ ಕಣ್ಣು ಬಿಡುವ ಮೊದಲು ಅದು ಆ ಸಂದಿಗೆ ಹೋಗಿ ತಡವಿ ಬರುತ್ತಿತ್ತು. ನುಣ್ಣಗಿನ ಒಸಡು. ಬಲಗಡೆಯ ಹಲ್ಲು ಬಿತ್ತು, ಅದನ್ನು ಅಪ್ಪನೇ ಬಲಗೈಯಿಂದ ಒಗೆದ, ಅದರ ಜಾಗದಲ್ಲಿ ಹೊಸದು ಚೂಪಗೆ ಬಂತು. ಇದರಿಂದ ಅಜ್ಜಿಯ ವಾದ ಇನ್ನೂ ಗಟ್ಟಿಯಾಯಿತು. ಸರಿಯಾಗಿ ಒಗೆದದ್ದು ಬಂದಿದೆ, ಗೊರೇಬಾಳದವನು ಒಗೆದದ್ದು ಬಂದಿಲ್ಲ. ನಾನು ಒಸಡಿಗೆ ಉಪ್ಪು ತಿಕ್ಕಿದೆ. ಜೋಳದ ಮೊಳಕೆಯಂತೆ ನೆನೆದರೆ ಒಡೆದೀತೆಂದು ನೀರು ಮುಕ್ಕಳಿಸದೆ ಬಾಯಲ್ಲಿಟ್ಟುಕೊಂಡು ಸಾಲೆಯವರೆಗೆ ನಡೆದು ಹೋದೆ. ಯಾರಿಗೂ ಕಾಣದಂತೆ ತುಟಿಯನ್ನು ಎಡಕ್ಕೆ ಎಳೆದುಕೊಂಡು ಮಾತಾಡುವ ಅಭ್ಯಾಸವಾಯಿತು. ಇಂದಿಗೂ ಫೋಟೊಗಳಲ್ಲಿ ನಾನು ಯಾರ ಮೇಲೋ ಸಂಶಯಪಡುವವಳಂತೆ ಕಾಣುವುದು ಅದರಿಂದಲೇ. ಇಡೀ ಲೋಕದಲ್ಲಿ ಹೀಗೆ ಇರುವವಳು ನಾನೊಬ್ಬಳೇ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಬೇರೆ ಯಾರ ಮಾಮನೂ ಹಲ್ಲನ್ನು ಬ್ಯಾಳಿಗೆ ಹಾಕಿರಲಿಲ್ಲವಲ್ಲ.

ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳ ಅಣ್ಣತಮ್ಮಂದಿರು ಒಬ್ಬೊಬ್ಬರೇ ಚೀಲ ಹಿಡಿದು ಬಂದರು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಒಂದು ಡಬ್ಬಿಗೆ ತುಂಬಿ, ಒಯ್ಯುವವಳಂತೆ ಬಟ್ಟೆ ಕಟ್ಟಿ, ಗೋಡೆಯ ನಾಗೊಂದಿಗೆಯ ಹಲಗೆಯ ಮೇಲೆ ಇಟ್ಟಳು. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಆಕೆಯ ಕೈ ಹಿಟ್ಟಿನಲ್ಲಿ ನಿಲ್ಲುತ್ತಿತ್ತು. ಯಾರೂ ಬರಲಿಲ್ಲ. ಆ ಡಬ್ಬಿಯನ್ನು ಕೊನೆಗೆ ಇರುವೆಗಳು ತವರಿಗೆ ಒಯ್ದವು. ಮರುವರ್ಷದ ಪಂಚಮಿಯಲ್ಲೂ ಅದೇ ಡಬ್ಬಿ, ಅದೇ ಬಟ್ಟೆ. ಆ ಸಲ ಆಕೆ ಡಬ್ಬಿ ಕಟ್ಟುತ್ತ ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದಳು. ಹೆಬ್ಬೆರಳಿನಿಂದ ಆ ಒಸಡನ್ನು ಮೆತ್ತಗೆ ಒಮ್ಮೆ ಸವರಿ, ಸೆರಗಿಗೆ ಬೆರಳು ಒರೆಸಿಕೊಂಡು, ಕೆಲಸಕ್ಕೆ ಹೋದಳು. ಅವ್ವನ ಪಂಚಮಿ ನನ್ನ ಬಾಯಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಅಂದು ಖಚಿತವಾಯಿತು. ನಾನು ಚಿಂತೆಯನ್ನು ಕಲಿತದ್ದು ಹೀಗೆ. ಕಲಿತ ಮೇಲೆ ಮರೆಯಲಾಗದ ವಿದ್ಯೆ ಅದು, ಈಜಿನ ಹಾಗೆ. ನನಗೆ ಈಜು ಬರುವುದಿಲ್ಲ, ಅದು ಬೇರೆ ಮಾತು.

ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ದಿನ ನಮ್ಮ ಸಾಲೆಗೆ ರಾಯಚೂರಿನಿಂದ ಹಲ್ಲಿನ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹೆಂಗಸು, ಕೈಯಲ್ಲಿ ಬ್ಯಾಟರಿ, ಉದ್ದ ಹಿಡಿಕೆಯ ಪುಟ್ಟ ಕನ್ನಡಿ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನಾನು ಕೊನೆಗೆ ಹೋಗಿ ನಿಂತೆ. ಕೊನೆಯಲ್ಲಿ ನಿಂತವರಿಗೆ ಒಂದು ಲಾಭ: ಮುಂದಿನವರ ಬಾಯಿಗಳೆಲ್ಲ ತೆರೆದುಕೊಳ್ಳುವುದು ಕಾಣುತ್ತದೆ. ಮೊದಮೊದಲು ನಾನು ನೋಡಿದ್ದು ಹೆದರಿಕೆಯಿಂದ. ಆಮೇಲೆ ಹೆದರಿಕೆ ಮರೆತು ಕತ್ತು ಉದ್ದ ಮಾಡಿ ನೋಡತೊಡಗಿದೆ. ಒಬ್ಬನಿಗೆ ಹಲ್ಲಿನ ಮೇಲೆ ಹಲ್ಲು. ಅದನ್ನು ಅದೃಷ್ಟ ಎನ್ನುತ್ತಾರಾದ್ದರಿಂದ ಅವನು ಮೆರೆಯುತ್ತಲೇ ಬಾಯಿ ತೆರೆದ. ಒಬ್ಬಳಿಗೆ ಕೆಳಗಿನ ಎರಡು ಹಲ್ಲು ಅವಳಿ ಬಾಳೆಹಣ್ಣಿನಂತೆ ಕೂಡಿಕೊಂಡಿದ್ದವು. ಇನ್ನೊಬ್ಬನ ಹಲ್ಲು ಬೆನ್ನು ತಿರುಗಿಸಿ ನಿಂತಿತ್ತು, ಜಗಳವಾಡಿದ ದಾಯಾದಿಯ ಹಾಗೆ. ಕಂದು ಗೆರೆ ಬಿದ್ದ ಹಲ್ಲುಗಳಂತೂ ನಮ್ಮೂರಲ್ಲಿ ಲೆಕ್ಕಕ್ಕೇ ಇಲ್ಲ. ನನ್ನ ಮುಂದೆ ನಿಂತವಳು ಹುಲಿಗೆಮ್ಮ, ನನ್ನ ಜೊತೆಗೆ ಒಂದೇ ಮಣೆಯ ಮೇಲೆ ಕೂರುವವಳು, ಯಾವಾಗಲೂ ಲಂಗದ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುವವಳು. ಆಕೆ ಬಾಯಿ ತೆರೆದಾಗ ಕಂಡಿತು: ಎರಡು ದೊಡ್ಡ ಹಲ್ಲುಗಳ ನಡುವೆ ಜೋಳದ ಕಾಳಿನಂತಹ ಚೂಪಾದ ಮೂರನೆಯದೊಂದು.

“ಇದು ಹೆಚ್ಚಿನ ಹಲ್ಲು, ಮರಿ” ಎಂದರು ಡಾಕ್ಟರು. “ತಗಿಸಿದ್ರ ಆತು. ಹೆದರ್ಬ್ಯಾಡ.”

ನನಗೆ ಲೋಕದ ಲೆಕ್ಕವೆಲ್ಲ ಒಮ್ಮೆಗೇ ಬಗೆಹರಿದಂತಾಯಿತು. ನಾನು ಹುಲಿಗೆಮ್ಮನ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ.

“ಲೇ ಹುಲಗಿ, ನಿಂದೊಂದು ಹೆಚ್ಚೈತಿ, ನಂದೊಂದು ಕಮ್ಮಿ ಐತಿ. ಅದನ್ನ ನನಗ ಕೊಡಬೇ.”

“ಏಯ್, ನಂದ್ಯಾಕ ಕೊಡ್ಲಿ? ನನ್ನ ಬಾಯಾಗಿಂದು!”

“ಹೆಂಗಿದ್ರೂ ತಗಸ್ತಾರಲ್ಲ. ನಮ್ಮವ್ವ ತವರಿಗಿ ಹೋಗ್ಬೇಕಬೇ.”

ಡಾಕ್ಟರು ಕನ್ನಡಿ ಕೆಳಗಿಟ್ಟು ನಗಲಾರಂಭಿಸಿದರು. ಆಮೇಲೆ ನನ್ನ ಬಾಯಿ ತೆರೆಸಿ ನೋಡಿದರು, ಒಸಡನ್ನು ಒತ್ತಿದರು, ಮತ್ತೆ ನೋಡಿದರು. ಹಲ್ಲಿಗೂ ತವರಿಗೂ ಏನು ಸಂಬಂಧ ಎಂದು ಕೇಳಿದರು. ನಾನು ಎಲ್ಲ ಹೇಳಿದೆ: ಮಾಳಿಗೆ, ಬೆಳಕಿಂಡಿ, ಬ್ಯಾಳಿ, ಅಜ್ಜಿ. ಅವರು ನಗುವುದನ್ನು ನಿಲ್ಲಿಸಿದ್ದರು.

“ಇದು ಒಗದಿದ್ದಕ್ಕ ಹೋಗಿದ್ದಲ್ಲ ಶರಣಿ. ಕೆಲವು ಮಕ್ಕಳಿಗೆ ಒಂದು ಹಲ್ಲಿನ ಬೀಜಾನ ಇರಂಗಿಲ್ಲ. ಬೀಜ ಇಲ್ಲಂದ್ರ ಎಷ್ಟ ನೀರ ಹಾಕಿದ್ರೂ ಹುಟ್ಟತೈತೇನು?”

“ನನಗೊಬ್ಬಾಕಿಗೆ ಹಿಂಗೇನ್ರಿ?”

“ನಾ ಹೋದ ಸಾಲ್ಯಾಗೆಲ್ಲ ಇಂಥಾವು ಸಿಗ್ತಾವ. ಇವತ್ತ ಈ ಸಾಲಾಗ ನೀನ ನೋಡಿದೆಲ್ಲ? ಎಲ್ಲಾರೂ ಬಾಯಿ ಮುಚ್ಕೊಂಡಿರ್ತೀರಿ, ಅದಕ್ಕ ಪ್ರತಿಯೊಬ್ರೂ ನಾ ಒಬ್ಬಾಕಿನ ಅಂದ್ಕೊಂಡಿರ್ತೀರಿ.”

ಈಗ ನಾನು ಸಿಂಧನೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಲ್ಲಿಗೂ ಆಗಾಗ ಹಲ್ಲಿನ ತಪಾಸಣೆಗೆ ಬರುತ್ತಾರೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಸಾಲಿನಲ್ಲಿ ಒಬ್ಬಳಾದರೂ ಕೊನೆಗೆ ಹೋಗಿ ತುಟಿ ಬಿಗಿದು ನಿಂತಿರುತ್ತಾಳೆ. ಹೆಚ್ಚಿನ ಹಲ್ಲು, ಕಮ್ಮಿ ಹಲ್ಲು, ಗೂಟದಂತಹ ಹಲ್ಲು, ಕೂಡಿಕೊಂಡ ಹಲ್ಲು ಯಾವುದೂ ಅಪರೂಪವಲ್ಲ. ಅಪರೂಪವಾದದ್ದು ಅದನ್ನು ಸಹಜವೆಂದು ಒಪ್ಪುವ ಮನೆ. ತಾಯಂದಿರು ಬಂದು ಗ್ರಹಣದ ಮೇಲೆ, ಮೊಬೈಲಿನ ಮೇಲೆ, ಅತ್ತೆ ತಿನ್ನಿಸಿದ ಚಾಕಲೇಟಿನ ಮೇಲೆ ತಪ್ಪು ಹೊರಿಸುತ್ತಾರೆ. ಹೊರಿಸಲು ಮನೆಯಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಆಗ ನಾನು ನನ್ನ ಬಾಯಿ ತೆರೆದು ತೋರಿಸುತ್ತೇನೆ. ಆ ಸಂದಿಯನ್ನು ನಾನು ತುಂಬಿಸಿಲ್ಲ. ಧೈರ್ಯದಿಂದಲ್ಲ, ತುಂಬಿಸಿದ ಹಲ್ಲು ಪಾಠದ ನಡುವೆ ಬಿದ್ದು ಮುಂದಿನ ಬೆಂಚಿನ ಹುಡುಗನ ಪುಸ್ತಕದ ಮೇಲೆ ಕೂತರೆ ಏನು ಗತಿ ಎಂಬ ಚಿಂತೆಯಿಂದ.

ಆದರೆ ಅಂದು ಡಾಕ್ಟರ ಮಾತು ನನಗೆ ಸಮಾಧಾನ ತರಲಿಲ್ಲ. ಹಲ್ಲು ಬರುವುದೇ ಇಲ್ಲವಾದರೆ ಮಾಮನೂ ಬರುವುದಿಲ್ಲ. ಇಬ್ಬರು ಹಿರಿಯರು ಹೊಸ್ತಿಲ ಮೇಲೆ ನಿಂತು ಆಡಿದ ಮಾತು. ಅದನ್ನು ಮುರಿಯಲು ನನ್ನ ಬಾಯಿಂದ ಬರಬೇಕಾದ ಸಾಕ್ಷಿಗೆ ಬೀಜವೇ ಇಲ್ಲ. ಖಾತ್ರಿ ಮಾಡಿಕೊಳ್ಳಲು ಎಲುಬಿನ ಫೋಟೊ ತೆಗೆಸಿರಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರಿಂದ ಅಪ್ಪ ನನ್ನನ್ನು ಲಿಂಗಸುಗೂರಿನ ಒಂದು ದವಾಖಾನೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಎಲುಬಿನ ಫೋಟೊಕ್ಕೆ ನಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಬಾಯೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಫಿಲ್ಮು ಇಟ್ಟು ತೆಗೆದರು. ಅಲ್ಲಿಯ ಡಾಕ್ಟರು, ನರೆತ ಕೂದಲಿನವರು, ಅದನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಬಿಳಿ ಬಿಳಿ ಹಲ್ಲುಗಳು, ಒಂದು ಕಡೆ ಬರೀ ಕತ್ತಲೆ.

“ನೋಡ್ರಿ, ಇಲ್ಲಿ ಏನೂ ಇಲ್ಲ. ಹುಟ್ಟಿನಿಂದಾನ ಇಲ್ಲ. ಇದು ಮನೆತನದಾಗ ಹರಕೊಂಡು ಬರ್ತೈತಿ. ನಿಮ್ಮ ಪೈಕಿ ಯಾರಿಗರ ಹಿಂಗ ಐತೇನ್ರಿ?”

ಅಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಎರಡು ಬೆರಳಿನಿಂದ, ಅಂಗಡಿಯ ಬಾಗಿಲಿಗೆ ಇಳಿಬಿಟ್ಟ ಗೋಣಿಚೀಲ ಸರಿಸುವ ಹಾಗೆ, ಮೀಸೆಯನ್ನು ಮೇಲಕ್ಕೆತ್ತಿದ.

ಎಡಗಡೆ, ದೊಡ್ಡ ಹಲ್ಲಿನ ಪಕ್ಕ, ನನ್ನದೇ ಸಂದಿ.

“ನಂದು ಕಾಗಿ ಒಯ್ದಿತ್ರಿ” ಎಂದ ಅಪ್ಪ, ಸಣ್ಣ ದನಿಯಲ್ಲಿ. “ನಾ ಎಡಗೈಲೆ ಒಗದಿದ್ದೆ. ಮಾಳಿಗಿ ಮ್ಯಾಲ ಬೀಳೂದ್ರಾಗ ಕಾಗಿ ಕಚ್ಕೊಂಡು ಹೋತು. ಅದಕ್ಕ ಬರ್ಲಿಲ್ಲ ಅಂತ ನಮ್ಮವ್ವ ಅಂದಿದ್ಳು.”

“ಕಾಗಿದೇನೂ ತಪ್ಪಿಲ್ರಿ. ನಿಮ್ಮ ಕೈದೂ ಇಲ್ಲ.”

ಅಪ್ಪ ತನ್ನ ಎಡಗೈಯನ್ನು ನೋಡಿಕೊಂಡ, ತಿರುಗಿಸಿ ಮತ್ತೆ ನೋಡಿಕೊಂಡ. ಬಸ್ಸಿನಲ್ಲಿ ಬರುವಾಗ ಆ ಕೈಯಿಂದಲೇ ನನ್ನ ಹೆಗಲು ಹಿಡಿದುಕೊಂಡು ಕೂತಿದ್ದ. ಅದು ನನಗೆ ಹೊಸ ಕೈ ಎನ್ನಿಸಿತು. ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಅವನು ಏನನ್ನೋ ನೆನೆದು ಜೋರಾಗಿ ನಕ್ಕುಬಿಟ್ಟ, ಟವೆಲು ಇಲ್ಲದೆ. ಕಂಡಕ್ಟರು ತಿರುಗಿ ನೋಡಿದ.

ಮನೆಯಲ್ಲಿ ಅಜ್ಜಿ ಅಡುಗೆಕೋಣೆಯ ಬಾಗಿಲಲ್ಲಿ ತನ್ನ ಜಾಗದಲ್ಲೇ ಇದ್ದಳು. ಅಪ್ಪ ಆಕೆಯ ಮುಂದೆ ಕೂತು ಫಿಲ್ಮು ಕೊಟ್ಟು ಎಲ್ಲ ಹೇಳಿದ. ಹೇಳಿ ಮುಗಿಸಿ ಮೀಸೆ ಎತ್ತಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಇಷ್ಟು ವರ್ಷ ಬಾಳಿದ ಗಂಡನ ಬಾಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

“ನನಗ ಒಂದಿನಾನೂ ತೋರ್ಸಲಿಲ್ಲಲ್ರೀ!”

“ನೀ ಕೇಳಲಿಲ್ಲಲ್ಲ” ಎಂದ ಅಪ್ಪ. ಆಮೇಲೆ ಅಜ್ಜಿಯ ಕಡೆ ತಿರುಗಿ, “ಯವ್ವಾ, ನಿನಗ ಹಲ್ಲಿದ್ದಾಗ ಹೆಂಗಿತ್ತು?” ಎಂದು ಕೇಳಿದ.

ಅಜ್ಜಿ ಬಹಳ ಹೊತ್ತು ಒಸಡು ಮೆಲ್ಲುತ್ತ ಕೂತಳು. ಹಲ್ಲಿಲ್ಲದ ಬಾಯಲ್ಲಿ ಯಾವ ಹಲ್ಲು ಮೊದಲೇ ಇರಲಿಲ್ಲವೆಂದು ಯಾರು ಹೇಳಬಲ್ಲರು? ಆಕೆ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ನಂದು ಕೋಳಿ ನುಂಗಿತ್ತು” ಎಂದಳು ಕೊನೆಗೆ. “ನಮ್ಮ ತವರು ಸಂತೆಕಲ್ಲೂರಾಗ, ನಾ ಸಣ್ಣಾಕಿದ್ದಾಗ. ಒಗದ ಹಲ್ಲು ಮಾಳಿಗಿಯಿಂದ ಉರುಳಿ ಬಾಜು ಮನಿಯವರ ಅಂಗಳಕ್ಕ ಬಿತ್ತು. ಅವರ ಕೋಳಿ ಗುಳುಕ್ ಅನ್ನಿಸಿತು. ಈ ಕಡಿದು, ಎಡಗಡಿದು. ಮತ್ತ ಹುಟ್ಟಲಿಲ್ಲ.” ಆ ಒಸಡನ್ನು ಬೆರಳಿನಿಂದ ತೋರಿಸಿದಳು. “ನಮ್ಮಪ್ಪ ಆ ಕೋಳಿ ಮನಿಯವರ ಕೂಡ ಸಾಯೋತನ ಮಾತಾಡಲಿಲ್ಲ. ಆ ಮನ್ಯಾಗ ನನ್ನ ಗೆಳತಿ ಇದ್ಳು. ಆಕಿ ಲಗ್ನಕ್ಕೂ ನನ್ನ ಕಳಿಸಲಿಲ್ಲ.”

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವ್ವ ಕದಲಲಿಲ್ಲ.

“ಹಂಗಾರ ಕೋಳಿದೂ ತಪ್ಪಿಲ್ಲ ಅನ್ನು” ಎಂದಳು ಅಜ್ಜಿ.

“ಇಲ್ಲವ್ವ.”

“ಕಾಗಿದೂ ಇಲ್ಲ.”

“ಇಲ್ಲ.”

ಮೂರನೆಯ ಹೆಸರನ್ನು ಆಕೆ ಹೇಳಲಿಲ್ಲ. ಫಿಲ್ಮನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಕರೆದುಕೊಂಡು ಸಿಂಧನೂರು ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಅಪ್ಪ ಕೇಳಿದ್ದಕ್ಕೆ “ಬಾಯಿ ತೋರ್ಸಾಕ” ಎಂದಳು. ಗೊರೇಬಾಳದಲ್ಲಿ ಇಳಿದು, ನಾಟಿಗೆ ಹದ ಮಾಡಿದ ಗದ್ದೆಗಳ ನಡುವೆ, ಎಂದೂ ಕಾಲಿಡೆನೆಂದಿದ್ದ ಆ ದೇಶದ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಮಾಮ ಬಾಗಿಲು ಹಾಕಿಕೊಂಡರೆ? ಅಜ್ಜಿ ಅಲ್ಲೂ ಜಗಳ ತೆಗೆದರೆ? ಮಾಮ ಅಂಗಳದಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಅಜ್ಜಿಯನ್ನು ಕಂಡು ಅವನ ಕೈಯಿಂದ ಹುಲ್ಲಿನ ಸಿವುಡು ಜಾರಿತು.

“ಏನ್ರಿ ಅತ್ತಿ, ಅಕ್ಕ ಆರಾಮ ಅದಾಳಿಲ್ಲೋ?”

“ಅದಾಳ. ಇದನ್ನ ನೋಡು.”

ಅಜ್ಜಿ ಸೆರಗಿನ ಗಂಟು ಬಿಚ್ಚಿ ಫಿಲ್ಮನ್ನು ಅವನ ಕೈಗೆ ಕೊಟ್ಟಳು. ಮಾಮ ಅದನ್ನು ಸೂರ್ಯನಿಗೆ ಹಿಡಿದ, ಒಂದು ಕಣ್ಣು ಮುಚ್ಚಿದ, ತಿರುವಿ ಹಿಡಿದ.

“ಇಲ್ಲೇನೂ ಕಾಣವಲ್ದಲ್ರಿ.”

“ಅದನ್ನ ತೋರ್ಸಾಕ ತಂದೀನಿ” ಎಂದಳು ಅಜ್ಜಿ. “ಅಲ್ಲೇನೂ ಇಲ್ಲ. ಅಕಿ ಹುಟ್ಟಿದಾಗಿಂದ ಇಲ್ಲ. ಅಕಿಯಪ್ಪಗೂ ಇಲ್ಲ, ನನಗೂ ಇರ್ಲಿಲ್ಲ. ನಮ್ಮ ಮನಿಂದು ಅದು, ನಿನ್ನ ಕೈದಲ್ಲ.”

ಮಾಮ ನನ್ನ ಕಡೆ ನೋಡಿದ. ನಾನು, ತುಟಿ ಎಳೆದುಕೊಳ್ಳದೆ, ಬಾಯಿ ಪೂರ್ತಿ ತೆರೆದು ತೋರಿಸಿದೆ. ಅವನು ನಗಲಿಲ್ಲ. ಫಿಲ್ಮನ್ನು ಜೋಪಾನವಾಗಿ ಅಜ್ಜಿಯ ಕೈಗೆ ಹಿಂದಿರುಗಿಸಿದ.

“ಆದ್ರ ಅತ್ತಿ, ಹಲ್ಲು ಬಂದ ದಿನ ಬರ್ತೀನಿ ಅಂತ ಅಂದುಬಿಟ್ಟೀನಲ್ರಿ. ಅದು ಬರಾಂಗಿಲ್ಲ ಅಂತೀರಿ.”

“ಅದು ಬರಾಂಗಿಲ್ಲಪ್ಪ” ಎಂದಳು ಅಜ್ಜಿ. “ಅದರ ಬದ್ಲಿ ನೀನರ ಬಾ.”

ಅಂದು ನಾವು ಅಲ್ಲೇ ಉಂಡೆವು. ಅನ್ನ, ಅದರ ಮೇಲೆ ಹಾಲು. ಹಲ್ಲಿಲ್ಲದವರಿಗೆ ಇದು ಬರೋಬರಿ ಊಟ ಎಂದು ಅಜ್ಜಿ ಒಪ್ಪಿಕೊಂಡಳು, ಆದರೆ ಮಸ್ಕಿಗೆ ಬಂದು ಯಾರಿಗೂ ಹೇಳಬೇಡ ಎಂದು ನನಗೆ ತಾಕೀತು ಮಾಡಿದಳು.

ಆ ವರ್ಷದ ಪಂಚಮಿಗೆ ಅವ್ವ ಉಂಡಿ ಕಟ್ಟಿದಳು, ಡಬ್ಬಿಗೆ ಬಟ್ಟೆ ಬಿಗಿದಳು, ನಾಗೊಂದಿಗೆಯ ಮೇಲೆ ಇಡದೆ ಹೊಸ್ತಿಲ ಬಳಿಯೇ ಇಟ್ಟಳು. ನಾನು ಬೆಳಿಗ್ಗೆಯಿಂದ ಬಸ್ಸು ಕೆಟ್ಟಿರಬಹುದು, ಕಾಲುವೆ ಒಡೆದಿರಬಹುದು, ಮಾಮನಿಗೆ ಜ್ವರ ಬಂದಿರಬಹುದು ಎಂದು ಒಂದೊಂದಾಗಿ ಚಿಂತಿಸಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ್ದೆ. ಊಟದ ಹೊತ್ತಿಗೆ ಓಣಿಯ ತುದಿಯಲ್ಲಿ ಆ ದೊಡ್ಡ ದನಿ ಕೇಳಿತು. ಮಾಮ ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು, ತಲೆ ತಗ್ಗಿಸಿ ಅಂಗಳದೊಳಗೆ ಬಂದ. ಬಂದವನು ಹೊಸ್ತಿಲ ಎದುರು ನಿಂತುಬಿಟ್ಟ. ಬಾಗಿಲೊಳಗಿಂದ ಕಾಣುವ ಅಡುಗೆಕೋಣೆಯ ಕಡೆಗೆ ಅವನ ಕಣ್ಣು ಹೋಯಿತು. ಒಳಗೆ ಎಂದಿಗಿಂತ ಕತ್ತಲೆ. ಬ್ಯಾಳಿ ಗಡಿಗೆಯ ಮೇಲೆ ಬಿಸಿಲಿನ ಕೋಲು ಇರಲಿಲ್ಲ. ಮಳೆಯ ಸುಳಿವೂ ಇಲ್ಲದ ಆ ದಿನ ಮಾಳಿಗೆಯ ಮಡಿಕೆ ಕಿಂಡಿಯ ಮೇಲೆ ಬೋರಲು ಬಿದ್ದಿತ್ತು, ಹೊರಗೆ ಹೋಗಲಾರದ ಹೊಗೆಯಲ್ಲಿ ಕೆಮ್ಮುತ್ತ ಅಜ್ಜಿ ಬಾಗಿಲಿಗೆ ಬಂದಳು.

“ಮುಚ್ಚೀನಿ” ಎಂದಳು. “ಬಾ ಒಳಗ.”